ಅಪ್ಪನ ಪಾಮ್ ಪೈಲಟ್ ಮತ್ತು ಎರಡು ಸೆಲ್

ಹೋದ ತಿಂಗಳು ಮೈಸೂರಿನ ನಮ್ಮ ಮನೆಗೆ ಬಣ್ಣ ಹೊಡೆಸುವ ಕೆಲಸ ಇತ್ತು. ಬಣ್ಣದವರು ಬರೋದಕ್ಕೆ ಮುಂಚೆ ಅಟ್ಟ ಖಾಲಿಯಾಗಬೇಕು ಅಂತ ಅಮ್ಮನ ಆಜ್ಞೆ. ಶನಿವಾರ ಬೆಂಗಳೂರಿಂದ ಹೋದವಳು ಚೂಡಿದಾರದ ವೇಲನ್ನು ಮೂಗಿಗೆ ಕಟ್ಟಿಕೊಂಡು ಅಟ್ಟ ಹತ್ತಿದೆ. ದಸರಾ ಗೊಂಬೆಗಳ ಪೆಟ್ಟಿಗೆ, ಚಕ್ಕುಲಿ ಒರಳು, ನನ್ನ ಇಂಜಿನಿಯರಿಂಗ್‌ನ ಡ್ರಾಯಿಂಗ್ ಬೋರ್ಡು, ಇವೆಲ್ಲದರ ಹಿಂದೆ ಅಪ್ಪನ ಕಪ್ಪು ಬ್ಯಾಗು. ಅಪ್ಪ ಮೂವತ್ತು ವರ್ಷ ಮೆಡಿಕಲ್ ರೆಪ್ರೆಸೆಂಟೆಟಿವ್ ಆಗಿದ್ದವರು. ಆ ಬ್ಯಾಗನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ನಂಜನಗೂಡು, ಹುಣಸೂರು, ಗುಂಡ್ಲುಪೇಟೆ ಅಂತ ಸುತ್ತಿದವರು.

ಬ್ಯಾಗಿನ ಒಳಜೇಬಿನಲ್ಲಿ ಕರ್ಚೀಫಿನಲ್ಲಿ ಸುತ್ತಿಟ್ಟ ಏನೋ ಗಟ್ಟಿ ವಸ್ತು ಕೈಗೆ ಸಿಕ್ಕಿತು. ಬಿಚ್ಚಿ ನೋಡಿದರೆ ಬೂದು ಬಣ್ಣದ ಸಣ್ಣ ಯಂತ್ರ. ಅಂಗೈಯಗಲದ್ದು. ಮೇಲೆ ಹಸಿರು ಮಿಶ್ರಿತ ಬೂದು ಪರದೆ, ಕೆಳಗೆ ಒಂದಷ್ಟು ಗುಂಡಿಗಳು, ಪಕ್ಕದಲ್ಲಿ ಸಿಕ್ಕಿಸಿದ ಕಡ್ಡಿಯಂಥ ಪೆನ್ನು. ಪಾಮ್ ಪೈಲಟ್!

ನನ್ನ ಎದೆ ಒಮ್ಮೆ ಧಸಕ್ ಅಂದಿತು. ಯಾಕಂದರೆ ಈ ಯಂತ್ರದ ವಿಷಯದಲ್ಲಿ ನನ್ನದೊಂದು ಕಳ್ಳತನ ಇದೆ. ಇಪ್ಪತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ಇವತ್ತು ಇಲ್ಲಿ ಹೇಳಿಬಿಡ್ತೀನಿ. ಆದರೆ ಅದಕ್ಕೆ ಮೊದಲು ಈ ಯಂತ್ರದ ಕಥೆ ಗೊತ್ತಿರಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ.

ಇವತ್ತು ನಮ್ಮ ಕೈಲಿರೋ ಫೋನಿನಲ್ಲಿ ಕ್ಯಾಲೆಂಡರ್, ವಿಳಾಸ, ಟಿಪ್ಪಣಿ, ಮಾಡಬೇಕಾದ ಕೆಲಸಗಳ ಪಟ್ಟಿ ಎಲ್ಲಾ ಇರುತ್ತೆ. ಫೋನ್ ಇನ್ನೂ ಬರೀ ಫೋನ್ ಆಗಿದ್ದ ಕಾಲದಲ್ಲಿ ಈ ನಾಲ್ಕು ಕೆಲಸಕ್ಕೇ ಒಂದು ಬೇರೆ ಯಂತ್ರ ಬೇಕು ಅಂತ ಕೆಲವರು ಯೋಚಿಸಿದರು. 1992ರ ಜನವರಿಯಲ್ಲಿ ಆಪಲ್ ಕಂಪನಿಯ ಮುಖ್ಯಸ್ಥ ಜಾನ್ ಸ್ಕಲ್ಲಿ ಇಂಥ ಯಂತ್ರಕ್ಕೆ ಪರ್ಸನಲ್ ಡಿಜಿಟಲ್ ಅಸಿಸ್ಟೆಂಟ್ ಅಂತ ಹೆಸರು ಕೊಟ್ಟರು. ಪಿಡಿಎ ಅನ್ನೋ ಮೂರಕ್ಷರ ಬಂದದ್ದು ಅಲ್ಲಿಂದ. 1993ರ ಆಗಸ್ಟಿನಲ್ಲಿ ಆಪಲ್‌ನ ನ್ಯೂಟನ್ ಮೆಸೇಜ್‌ಪ್ಯಾಡ್ ಮಾರುಕಟ್ಟೆಗೆ ಬಂತು. ಬೆಲೆ 699 ಡಾಲರ್.

ನ್ಯೂಟನ್ನಿನ ಆಸೆ ದೊಡ್ಡದು. ನೀವು ನಿಮ್ಮ ಕೈಬರಹದಲ್ಲಿ ಹೇಗೆ ಬೇಕಾದರೂ ಬರೀರಿ, ನಾನು ಓದ್ಕೋತೀನಿ ಅನ್ನುತ್ತಿತ್ತು. ಬರೆದ ಪದವನ್ನು ಇಡಿಯಾಗಿ ನೋಡಿ, ತನ್ನೊಳಗಿನ ನಿಘಂಟಿನಲ್ಲಿ ಅದಕ್ಕೆ ಹೊಂದುವ ಪದ ಹುಡುಕುತ್ತಿತ್ತು. ಸರಿ ಹೋದರೆ ಬಲು ಚೆನ್ನ. ತಪ್ಪಿದರೆ ಒಂದಕ್ಷರ ತಪ್ಪುವುದಲ್ಲ, ಬರೆದದ್ದಕ್ಕೆ ಸಂಬಂಧವೇ ಇಲ್ಲದ ಪದ ಬಂದು ಕೂರುತ್ತಿತ್ತು. ಡಾಕ್ಟರ ಚೀಟಿಯನ್ನು ಹೊಸ ಹುಡುಗನ ಕೈಲಿ ಓದಿಸಿದ ಹಾಗೆ. ಅಮೆರಿಕದ ಪತ್ರಿಕೆಗಳಲ್ಲಿ ಬರುವ ಡೂನ್ಸ್‌ಬರಿ ಅನ್ನೋ ವ್ಯಂಗ್ಯಚಿತ್ರ ಮಾಲೆ ಅದನ್ನು ಲೇವಡಿ ಮಾಡಿತು. ಮುಂದೆ ನ್ಯೂಟನ್ ಬಹಳ ಸುಧಾರಿಸಿತು, ಆದರೆ ಒಮ್ಮೆ ಅಂಟಿದ ಕೆಟ್ಟ ಹೆಸರು ಹೋಗಲಿಲ್ಲ. ಸ್ಟೀವ್ ಜಾಬ್ಸ್ ಆಪಲ್‌ಗೆ ವಾಪಸ್ ಬಂದ ಮೇಲೆ, 1998ರಲ್ಲಿ, ಅದನ್ನು ನಿಲ್ಲಿಸಿಯೇಬಿಟ್ಟರು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬ ಇಂಜಿನಿಯರ್ ಇದೇ ಗುಂಗಿನಲ್ಲಿದ್ದ. ಹೆಸರು ಜೆಫ್ ಹಾಕಿನ್ಸ್. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನು, ಆದರೆ ತಲೆ ತುಂಬಾ ಇದ್ದದ್ದು ಮನುಷ್ಯನ ಮೆದುಳು. ಮೆದುಳು ಹೇಗೆ ಕೆಲಸ ಮಾಡುತ್ತೆ ಅಂತ ಸಂಶೋಧನೆ ಮಾಡೋಕೆ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋದ. ಅವನು ಮಾಡಬೇಕೆಂದಿದ್ದ ವಿಷಯಕ್ಕೆ ಅಲ್ಲಿ ಅವಕಾಶ ಸಿಗಲಿಲ್ಲ. ಹಿಂತಿರುಗಿ ತಾನಿದ್ದ ಗ್ರಿಡ್ ಕಂಪನಿಯಲ್ಲೇ 1989ರಲ್ಲಿ ಗ್ರಿಡ್‌ಪ್ಯಾಡ್ ಅನ್ನೋ ಪೆನ್ನಿನ ಕಂಪ್ಯೂಟರ್ ಮಾಡಿದ. ಅದರ ತೂಕ ಎರಡು ಕಿಲೋ. 1992ರಲ್ಲಿ ತನ್ನದೇ ಪಾಮ್ ಕಂಪನಿ ಶುರು ಮಾಡಿದ. ಪಾಮ್ ಅಂದರೆ ಅಂಗೈ. ಕಂಪನಿ ನಡೆಸೋಕೆ ಡೋನಾ ಡುಬಿನ್ಸ್ಕಿ ಬಂದರು, ಮಾರೋಕೆ ಎಡ್ ಕಾಲಿಗನ್ ಬಂದರು.

ಪಾಮ್‌ನ ಮೊದಲ ಪ್ರಯತ್ನವೂ ಸೋಲೇ. ಕ್ಯಾಸಿಯೋ ಮತ್ತಿತರ ಕಂಪನಿಗಳ ಜೊತೆ ಸೇರಿ 1993ರಲ್ಲಿ ತಂದ ಝೂಮರ್ ಅನ್ನೋ ಯಂತ್ರ ನಿಧಾನ, ಭಾರ, ದುಬಾರಿ. ಯಾರೂ ಕೊಳ್ಳಲಿಲ್ಲ. ಆದರೆ ಪಾಮ್‌ನವರು ಆಮೇಲೆ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಕೊಂಡಿದ್ದ ಕೆಲವೇ ಜನರನ್ನು ಹುಡುಕಿ, ನೀವು ಇದನ್ನ ಯಾತಕ್ಕೆ ಬಳಸ್ತೀರಿ ಅಂತ ಕೇಳಿದರು. ಉತ್ತರದಿಂದ ಅವರಿಗೆ ಅರ್ಥವಾದದ್ದು, ತಮ್ಮ ಸ್ಪರ್ಧೆ ಕಂಪ್ಯೂಟರಿನ ಜೊತೆ ಅಲ್ಲ, ಕಾಗದದ ಜೊತೆ. ಜೇಬಿನ ಡೈರಿಯ ಜೊತೆ. ಡೈರಿ ತೆಗೆದ ಕೂಡಲೇ ತೆರೆದುಕೊಳ್ಳುತ್ತೆ. ಆನ್ ಆಗುವವರೆಗೆ ಕಾಯಬೇಕಿಲ್ಲ.

ಆಗ ಹಾಕಿನ್ಸ್ ತನ್ನ ಗ್ಯಾರೇಜಿಗೆ ಹೋಗಿ ಒಂದು ಮರದ ತುಂಡು ಕತ್ತರಿಸಿದ. ಶರ್ಟಿನ ಜೇಬಿಗೆ ಹಿಡಿಯುವಷ್ಟು. ಚೀನಿಯರು ಊಟಕ್ಕೆ ಬಳಸೋ ಕಡ್ಡಿಯೊಂದನ್ನು ಕೆತ್ತಿ ಪೆನ್ನು ಮಾಡಿಕೊಂಡ. ಪರದೆ ಹೇಗಿರಬೇಕು ಅಂತ ಕಾಗದದ ಮೇಲೆ ಗೀಚಿ ತುಂಡಿನ ಮೇಲಿಟ್ಟ. ಆಮೇಲೆ ತಿಂಗಳುಗಟ್ಟಲೆ ಅದನ್ನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಯಾರಾದರೂ ಬುಧವಾರ ಸಿಗ್ತೀಯಾ ಅಂದರೆ ಮರದ ತುಂಡು ತೆಗೆದು ಕಡ್ಡಿಯಿಂದ ಕುಟ್ಟಿ ನೋಡುವುದು. ನೋಡಿದವರು ಏನಂದುಕೊಂಡರೋ! ಆದರೆ ಈ ನಾಟಕದಿಂದ ಅವನಿಗೆ ಯಾವ ಕೆಲಸಕ್ಕೆ ಕೈ ಪದೇ ಪದೇ ಜೇಬಿಗೆ ಹೋಗುತ್ತೆ, ಯಾವುದಕ್ಕೆ ಹೋಗಲ್ಲ ಅಂತ ಗೊತ್ತಾಯಿತು. ಆ ಮರದ ತುಂಡು ಇವತ್ತು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರೋ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಹಾಕಿನ್ಸ್ ಹಾಕಿಕೊಂಡ ನಿಯಮ ನಾಲ್ಕೇ. ಶರ್ಟಿನ ಜೇಬಿಗೆ ಹಿಡೀಬೇಕು. ಬೆಲೆ 299 ಡಾಲರ್ ದಾಟಬಾರದು. ಕಾಗದದಷ್ಟು ಚುರುಕಾಗಿರಬೇಕು. ಒಂದು ಗುಂಡಿ ಒತ್ತಿದರೆ ಮೇಜಿನ ಮೇಲಿನ ಕಂಪ್ಯೂಟರಿನ ಜೊತೆ ಎಲ್ಲವೂ ತಾಳೆಯಾಗಬೇಕು. ಈ ನಾಲ್ಕಕ್ಕೆ ಅಡ್ಡ ಬಂದದ್ದನ್ನೆಲ್ಲ ಕೈಬಿಟ್ಟರು. ಬಣ್ಣದ ಪರದೆ ಬೇಡ, ಮೆಮೊರಿ ಕಾರ್ಡಿಗೆ ಜಾಗ ಬೇಡ, ಕೀಲಿಮಣೆ ಬೇಡ.

ಕೈಬರಹದ ಸಮಸ್ಯೆಗೂ ಅವನು ತಿರುಗುಮುರುಗಾದ ದಾರಿ ಹಿಡಿದ. ಎಲ್ಲರ ಬರಹವನ್ನೂ ಯಂತ್ರವೇ ಕಲೀಬೇಕು ಅಂತ ಯಾಕೆ ಹಟ? ಮನುಷ್ಯರು ಟೈಪಿಂಗ್ ಕಲಿಯಲ್ವಾ? ಹಾಗೇ ಅಕ್ಷರ ಬರೆಯೋದನ್ನ ಒಂಚೂರು ಬದಲಾಯಿಸಿಕೊಳ್ಳಲಿ. ಹೀಗೆ ಹುಟ್ಟಿದ್ದು ಗ್ರಾಫಿಟಿ ಅನ್ನೋ ಲಿಪಿ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಪೆನ್ನೆತ್ತದೆ ಬರೆಯುವ ಒಂದೇ ಗೀಟು. ಎ ಅಂದರೆ ಅಡ್ಡಗೆರೆ ಇಲ್ಲದ ಗುಡಿಸಿಲಿನ ಸೂರು. ಟಿ ಅಂದರೆ ಬಲಕ್ಕೆ ಹೋಗಿ ಕೆಳಗಿಳಿಯೋ ಗೆರೆ. ಎಫ್ ಅದರ ಕನ್ನಡಿ ಬಿಂಬ. ಎಡದಿಂದ ಬಲಕ್ಕೆ ಒಂದು ಗೀಟು ಎಳೆದರೆ ಜಾಗ ಬಿಟ್ಟ ಹಾಗೆ, ಬಲದಿಂದ ಎಡಕ್ಕೆ ಎಳೆದರೆ ಅಳಿಸಿದ ಹಾಗೆ. ಎಲ್ಲ ಅಕ್ಷರಗಳನ್ನೂ ಪರದೆಯ ಕೆಳಗಿನ ಒಂದೇ ಚೌಕದಲ್ಲಿ ಒಂದರ ಮೇಲೊಂದು ಬರೆಯುತ್ತಾ ಹೋಗೋದು. ಪೆನ್ನೆತ್ತಿದರೆ ಅಕ್ಷರ ಮುಗಿಯಿತು ಅಂತ ಯಂತ್ರಕ್ಕೆ ಗೊತ್ತಾಗುತ್ತಿತ್ತು, ಆದ್ದರಿಂದ ತಪ್ಪು ಬಹಳ ಕಡಿಮೆ. ಒಂದು ಮಧ್ಯಾಹ್ನ ಕೂತರೆ ಕಲಿತುಬಿಡಬಹುದು. ತಮಾಷೆ ಅಂದರೆ ಪಾಮ್‌ನವರು ಇದನ್ನ ಮೊದಲು ಮಾರಿದ್ದು ನ್ಯೂಟನ್‌ನಂಥ ಬೇರೆಯವರ ಯಂತ್ರಗಳಿಗೇ.

ಯಂತ್ರದ ಯೋಜನೆ ಸಿದ್ಧವಾಯಿತು, ದುಡ್ಡಿರಲಿಲ್ಲ. ಕೊನೆಗೆ 1995ರಲ್ಲಿ ಯು.ಎಸ್. ರೊಬೋಟಿಕ್ಸ್ ಅನ್ನೋ ಮೋಡೆಮ್ ಕಂಪನಿ 4.4 ಕೋಟಿ ಡಾಲರಿಗೆ ಪಾಮ್ ಅನ್ನೇ ಕೊಂಡಿತು. 1996ರಲ್ಲಿ ಪೈಲಟ್ ಬಂತು. ಪೈಲಟ್ 1000ದ ಬೆಲೆ ಅಂದುಕೊಂಡ ಹಾಗೇ 299 ಡಾಲರ್. ಆಗಿನ ಲೆಕ್ಕಕ್ಕೆ ಹತ್ತು ಸಾವಿರ ರೂಪಾಯಿ ಮೇಲೆ. ಮೆಮೊರಿ ಎಷ್ಟು ಗೊತ್ತಾ? 128 ಕಿಲೋಬೈಟ್. ಇವತ್ತು ನೀವು ವಾಟ್ಸಾಪ್‌ನಲ್ಲಿ ಕಳಿಸೋ ಒಂದು ಗುಡ್ ಮಾರ್ನಿಂಗ್ ಚಿತ್ರ ಅದರೊಳಗೆ ಹಿಡಿಯದೇ ಹೋಗಬಹುದು! ಆದರೂ ಒಂದೂವರೆ ವರ್ಷದಲ್ಲಿ ಹತ್ತು ಲಕ್ಷ ಪೈಲಟ್‌ಗಳು ಮಾರಾಟವಾದವು. ಪೈಲಟ್ ಅನ್ನೋ ಪೆನ್ನಿನ ಕಂಪನಿ ಹೆಸರಿನ ಬಗ್ಗೆ ತಕರಾರು ತೆಗೆದದ್ದರಿಂದ ಅದು ಪಾಮ್ ಪೈಲಟ್ ಆಗಿ, ಮುಂದೆ ಬರೀ ಪಾಮ್ ಆಯಿತು.

ಆ ಯಂತ್ರವನ್ನು ಬಳಸುವುದು ಸಲೀಸಾಗಿರಲಿ ಅಂತ ಅದರ ವಿನ್ಯಾಸ ಮಾಡಿದ ರಾಬ್ ಹೈಟಾನಿ ಒಂದೊಂದು ಕೆಲಸಕ್ಕೂ ಪೆನ್ನಿನಿಂದ ಎಷ್ಟು ಸಲ ಕುಟ್ಟಬೇಕು ಅಂತ ಎಣಿಸುತ್ತಿದ್ದರಂತೆ. ಇದು ನಮ್ಮ ಅಡುಗೆಮನೆಯ ನಿಯಮವೇ. ಒಗ್ಗರಣೆ ಡಬ್ಬಿ ಒಲೆಯ ಪಕ್ಕ ಇರುತ್ತೆ, ಚಕ್ಕುಲಿ ಒರಳು ಅಟ್ಟದ ಮೇಲಿರುತ್ತೆ. ಹೊಸ ಕೆಲಸ ಬರೆದುಕೊಳ್ಳೋದು ದಿನಕ್ಕೆ ಹತ್ತು ಸಲ, ಹಾಗಾಗಿ ಆ ಗುಂಡಿ ಪರದೆಯ ಮೇಲೇ ಇತ್ತು. ಬರೆದದ್ದನ್ನು ತೆಗೆದುಹಾಕೋದು ಅಪರೂಪಕ್ಕೆ, ಹಾಗಾಗಿ ಅದು ಒಳಗೆ ಮೆನುವಿನಲ್ಲಿತ್ತು. ನಮ್ಮ ಆಫೀಸಿನಲ್ಲಿ ಹೊಸ ಆಪ್ ಮಾಡುವಾಗ ಎಲ್ಲರೂ ಇನ್ನೇನು ಸೇರಿಸೋಣ ಅಂತ ಕೇಳ್ತಾರೆ. ಏನು ಬಿಡೋಣ ಅಂತ ಕೇಳಿದವರನ್ನ ನಾನಿನ್ನೂ ನೋಡಿಲ್ಲ. ಕೇಳಿದವಳು ನಾನೊಬ್ಬಳೇ, ಆ ಮೀಟಿಂಗಿನಲ್ಲಿ ಎಲ್ಲರೂ ಒಂದು ನಿಮಿಷ ಸುಮ್ಮನಾಗಿ ಆಮೇಲೆ ಪಟ್ಟಿಗೆ ಇನ್ನೂ ಎರಡು ಸೇರಿಸಿದರು.

ಈಗ ನನ್ನ ಕಳ್ಳತನಕ್ಕೆ ಸಂಬಂಧಪಟ್ಟ ವಿಷಯಕ್ಕೆ ಬರ್ತೀನಿ. ಪಾಮ್‌ನಲ್ಲಿ ಬರೆದದ್ದನ್ನು ಸೇವ್ ಮಾಡಬೇಕಿರಲಿಲ್ಲ, ಸೇವ್ ಅನ್ನೋ ಗುಂಡಿಯೇ ಇರಲಿಲ್ಲ. ಕಾಗದದ ಮೇಲೆ ಬರೆದು ಸೇವ್ ಮಾಡ್ತೀವಾ? ಹಾಗೆ. ಬರೆದದ್ದೆಲ್ಲ ನೇರವಾಗಿ ರ‍್ಯಾಮ್‌ನಲ್ಲೇ ಇರುತ್ತಿತ್ತು. ಗುಂಡಿ ಒತ್ತಿದ ಕ್ಷಣದಲ್ಲೇ ಯಂತ್ರ ತೆರೆದುಕೊಳ್ಳುತ್ತಿದ್ದದ್ದೂ ಅದಕ್ಕೇ. ಆದರೆ ರ‍್ಯಾಮ್ ಅಂದರೆ ಅಂಗೈಯಲ್ಲಿ ಹಿಡಿದ ನೀರಿನ ಹಾಗೆ. ವಿದ್ಯುತ್ ಇರುವವರೆಗೆ ನೆನಪು, ಹೋದರೆ ಖಾಲಿ. ಒಳಗಿದ್ದ ಎರಡು ಸಣ್ಣ ಸೆಲ್, ಅಂದರೆ ಟೀವಿ ರಿಮೋಟಿಗೆ ಹಾಕ್ತೀವಲ್ಲ ಅಂಥವು, ವಾರಗಟ್ಟಲೆ ಬರುತ್ತಿದ್ದವು. ಅವನ್ನು ಬದಲಾಯಿಸುವಾಗ ಸುಮಾರು ಒಂದು ನಿಮಿಷದೊಳಗೆ ಹೊಸದು ಹಾಕಬೇಕಿತ್ತು. ಅಷ್ಟು ಹೊತ್ತು ಮಾತ್ರ ಯಂತ್ರ ಉಸಿರು ಬಿಗಿಹಿಡಿದು ಇರುತ್ತಿತ್ತು. ತಡವಾದರೆ ಎಲ್ಲಾ ಮಾಯ. ಹಾಗೆ ಮಾಯವಾದರೂ ಚಿಂತೆ ಇಲ್ಲ ಅಂತಲೇ ಹಾಟ್‌ಸಿಂಕ್ ಅನ್ನೋ ವ್ಯವಸ್ಥೆ ಮಾಡಿದ್ದರು. ಯಂತ್ರವನ್ನು ಅದರ ತೊಟ್ಟಿಲಿನಲ್ಲಿ ಕೂರಿಸಿ ಗುಂಡಿ ಒತ್ತಿದರೆ ಕಂಪ್ಯೂಟರಿನಲ್ಲಿ ಎಲ್ಲದರ ನಕಲು ಇರುತ್ತಿತ್ತು.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ.

ಅಮೆರಿಕದಲ್ಲಿದ್ದ ನನ್ನ ಸೋದರಮಾವ 2001ರ ಕೊನೆಗೆ ಊರಿಗೆ ಬಂದಾಗ ಹೊಸ ಪಾಮ್ ಕೊಂಡುಕೊಂಡಿದ್ದರು. "ಭಾವ, ಇದು ನಿಮಗೆ. ಡೈರಿ ಹಿಡ್ಕೊಂಡು ಒದ್ದಾಡ್ತಿರ್ತೀರಲ್ಲ" ಅಂತ ಹಳೇದನ್ನು ಅಪ್ಪನಿಗೆ ಕೊಟ್ಟರು. 1997ರ ಪಾಮ್ ಪೈಲಟ್ ಪ್ರೊಫೆಷನಲ್. ಮೆಮೊರಿ ಒಂದು ಮೆಗಾಬೈಟ್, ಕತ್ತಲಲ್ಲಿ ಪರದೆಗೆ ಬೆಳಕೂ ಇತ್ತು. ಅದುವರೆಗೆ ಅಪ್ಪನ ಹತ್ತಿರ ಇದ್ದದ್ದು ಯಾವುದೋ ಕಂಪನಿ ಹೊಸ ವರ್ಷಕ್ಕೆ ಕೊಟ್ಟ ಡೈರಿ. ಅದಕ್ಕೊಂದು ರಬ್ಬರ್ ಬ್ಯಾಂಡು, ಒಳಗೆಲ್ಲ ಚೀಟಿಗಳು.

ಅಪ್ಪ ಗ್ರಾಫಿಟಿ ಕಲಿತದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಒಂದನೇ ಕ್ಲಾಸಿನ ಕಾಪಿ ಬರೀತಾ ಕೂತಿದ್ದರೆ ಪಕ್ಕದಲ್ಲಿ ಅಪ್ಪನೂ ಎ, ಬಿ, ಸಿ ತಿದ್ದುತ್ತಿದ್ದರು. ವಾರದೊಳಗೆ ಕೈ ಕೂತಿತು. ಸಂಜೆ ಮನೆಗೆ ಬಂದವರು ಕಾಫಿ ಕುಡೀತಾ ಆವತ್ತು ನೋಡಿದ ಡಾಕ್ಟರುಗಳ ವಿವರ ಬರೆದಿಡುತ್ತಿದ್ದರು. ಯಂತ್ರಕ್ಕೆ ಕನ್ನಡ ಬರ್ತಿರಲಿಲ್ಲ. ಅಪ್ಪನಿಗೆ ಇಂಗ್ಲಿಷಿನಲ್ಲಿ ಯೋಚನೆ ಬರ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. "ಬುಧವಾರ ಸಿಗಲ್ಲ." "ಮಗಳ ಮದುವೆ ಮೇ ತಿಂಗಳು." "ಹಸಿದಿದ್ದಾಗ ಹೋಗಬಾರದು, ಕೋಪ." ಹೀಗೆ ಮುನ್ನೂರಕ್ಕೂ ಮೇಲೆ ಡಾಕ್ಟರುಗಳು. ಯಾರು ಯಾವ ಊರಿನಲ್ಲಿ ಯಾವ ದಿನ, ಯಾರ ಮನೆ ನಂಬರ್ ಯಾವುದು, ಯಾರಿಗೆ ಯಾವ ಸ್ಯಾಂಪಲ್ ಕೊಟ್ಟಾಗಿದೆ, ಎಲ್ಲಾ ಅದರಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಪ್ಪ ಹೀಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ತಿಣುಕುತ್ತಿದ್ದ ಹೊತ್ತಿಗೆ ಬೆಂಗಳೂರಿನಲ್ಲೇ ಕನ್ನಡ ಬಲ್ಲ ಅಂಗೈ ಯಂತ್ರವೊಂದು ತಯಾರಾಗುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಮಾಡಿದ ಸಿಂಪ್ಯೂಟರ್. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ತೋರಿಸಿದರು. ಪಾಮ್ ಒಬ್ಬರ ಜೇಬಿನ ಯಂತ್ರವಾದರೆ, ಸಿಂಪ್ಯೂಟರ್ ಇಡೀ ಹಳ್ಳಿ ಹಂಚಿಕೊಳ್ಳಲಿ ಅಂತ ಮಾಡಿದ್ದು. ಒಬ್ಬೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡು, ಅದನ್ನು ತೂರಿಸಿದರೆ ಅವರವರ ವಿವರ. ಓದಲು ಬಾರದವರಿಗೆ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಅನ್ನೋ ತಂತ್ರಾಂಶವೂ ಆ ತಂಡದಿಂದ ಬಂತು. 2004ರಲ್ಲಿ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದನ್ನು ಕೈಯಲ್ಲಿ ಓಲಾಡಿಸಿದರೆ ಪುಟ ತಿರುಗುತ್ತಿತ್ತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಎಲ್ಲರ ಜೇಬು ಸೇರತೊಡಗಿತ್ತು. ನಮ್ಮ ಮನೆಗಂತೂ ಅದರ ಸುದ್ದಿಯೂ ಬಂದಿರಲಿಲ್ಲ.

2002ರ ಮೇ ತಿಂಗಳು. ಬೇಸಿಗೆ ರಜೆ. ನನಗೆ ಏಳು ವರ್ಷ. ಅಪ್ಪ ಊಟಕ್ಕೆ ಮನೆಗೆ ಬಂದು ಮಲಗಿದ್ದರು, ಅಮ್ಮ ಪಕ್ಕದ ಮನೆಗೆ ಹಪ್ಪಳಕ್ಕೆ ಕೈ ಹಾಕೋಕೆ ಹೋಗಿದ್ದರು. ನಾನು ಕಾರ್ಟೂನ್ ನೋಡಬೇಕು, ರಿಮೋಟ್ ಕೆಲಸ ಮಾಡ್ತಿಲ್ಲ. ಕುಟ್ಟಿದೆ, ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿದೆ, ಹಲ್ಲಲ್ಲಿ ಕಚ್ಚಿ ಮತ್ತೆ ಹಾಕಿದೆ. ಊಹೂಂ. ಆಗ ಕಣ್ಣಿಗೆ ಬಿತ್ತು ಮೇಜಿನ ಮೇಲಿದ್ದ ಅಪ್ಪನ ಯಂತ್ರ. ಅದಕ್ಕೂ ಇಂಥದ್ದೇ ಸೆಲ್ ಹಾಕೋದು ನೋಡಿದ್ದೆ. ತೆಗೆದು ರಿಮೋಟಿಗೆ ಹಾಕಿದೆ. ಅರ್ಧ ಗಂಟೆ ಕಾರ್ಟೂನ್ ನೋಡಿ, ಅಪ್ಪ ಕೆಮ್ಮಿದ ಸದ್ದು ಕೇಳಿ, ಗಾಬರಿಯಲ್ಲಿ ರಿಮೋಟಿನ ಹಳೇ ಸೆಲ್‌ಗಳನ್ನೇ ಆ ಯಂತ್ರದೊಳಗೆ ತುರುಕಿ ಮುಚ್ಚಳ ಹಾಕಿಟ್ಟೆ.

ಅಪ್ಪ ಎದ್ದು ಮುಖ ತೊಳೆದು ಹೊರಡುವ ಮುಂಚೆ ಗುಂಡಿ ಒತ್ತಿದರು. ಬರಲಿಲ್ಲ. ಹೊಸ ಸೆಲ್ ಹಾಕಿದರು. ಯಂತ್ರ ಆನ್ ಆಯಿತು. ಅಂಗಡಿಯಿಂದ ಈಗಷ್ಟೇ ತಂದ ಸ್ಲೇಟಿನ ಹಾಗೆ ಖಾಲಿ. ಅಪ್ಪ ಕುರ್ಚಿಯ ಮೇಲೆ ಕೂತವರು ಆವತ್ತು ಸಂಜೆ ಕೆಲಸಕ್ಕೆ ಹೋಗಲಿಲ್ಲ. ಅಮ್ಮ ಬಂದು ಏನಾಯ್ತು ಅಂದಾಗ, "ಸೆಲ್ ಮುಗಿದಿತ್ತು, ನಾನೇ ನೋಡ್ಕೊಂಡಿಲ್ಲ" ಅಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಆಮೇಲಿನ ಎರಡು ಮೂರು ತಿಂಗಳು ಅಪ್ಪ ರಾತ್ರಿ ಕೂತು ಹಳೇ ಡೈರಿ, ಚೀಟಿ, ಸಹೋದ್ಯೋಗಿಗಳ ಪಟ್ಟಿ ಎಲ್ಲಾ ಹರಡಿಕೊಂಡು ಮತ್ತೆ ಬರೆದರು. ಕಾಗದದ ಡೈರಿಯಲ್ಲಿ. ಆ ತಿಂಗಳ ಟಾರ್ಗೆಟ್ ಮುಟ್ಟಲಿಲ್ಲ ಅಂತ ಅಮ್ಮನ ಹತ್ತಿರ ಹೇಳುತ್ತಿದ್ದದ್ದು ಕೇಳಿದ್ದೆ. ಪಾಮ್ ಪೈಲಟ್ ಕರ್ಚೀಫಿನಲ್ಲಿ ಸುತ್ತಿಕೊಂಡು ಬ್ಯಾಗಿನ ಒಳಜೇಬು ಸೇರಿತು. ಇಂಜಿನಿಯರಿಂಗ್‌ನಲ್ಲಿ ರ‍್ಯಾಮ್ ಅಂದರೆ ಏನು ಅಂತ ಪಾಠ ಮಾಡಿದ ದಿನ ಕ್ಲಾಸಿನಲ್ಲಿ ಎಲ್ಲರೂ ನೋಟ್ಸ್ ಬರೀತಿದ್ದರೆ ನಾನು ಮಾತ್ರ ತಲೆ ತಗ್ಗಿಸಿ ಕೂತಿದ್ದೆ. ಆವತ್ತು ಏನು ಮಾಡಿದೆ ಅಂತ ಪೂರ್ತಿ ಗೊತ್ತಾದದ್ದು ಆಗಲೇ.

ಪಾಮ್ ಕಂಪನಿಯ ಕಥೆಯೂ ಅಷ್ಟು ಹೊತ್ತಿಗೆ ಇಳಿಜಾರು ಹಿಡಿದಿತ್ತು. 1997ರಲ್ಲಿ ಯು.ಎಸ್. ರೊಬೋಟಿಕ್ಸನ್ನು ತ್ರೀಕಾಮ್ ಕಂಪನಿ ಕೊಂಡಿತು. ಸ್ವಾತಂತ್ರ್ಯ ಸಿಗದ ಹಾಕಿನ್ಸ್, ಡುಬಿನ್ಸ್ಕಿ, ಕಾಲಿಗನ್ 1998ರಲ್ಲಿ ಹೊರಬಂದು ಹ್ಯಾಂಡ್‌ಸ್ಪ್ರಿಂಗ್ ಅನ್ನೋ ಕಂಪನಿ ಕಟ್ಟಿದರು. ಪಾಮ್ ಮತ್ತು ಫೋನನ್ನು ಒಂದು ಮಾಡಿದ ಟ್ರಿಯೊ ಬಂದದ್ದು ಅಲ್ಲಿಂದಲೇ. ಇತ್ತ 2000ದ ಮಾರ್ಚಿನಲ್ಲಿ ಪಾಮ್ ಷೇರು ಮಾರುಕಟ್ಟೆಗೆ ಬಂದ ದಿನ ಅದರ ಬೆಲೆ ಜನರಲ್ ಮೋಟಾರ್ಸ್‌ಗಿಂತ ಮೇಲೇರಿತ್ತು. ಡಾಟ್‌ಕಾಮ್ ಗುಳ್ಳೆ ಒಡೆದಾಗ ಅದೂ ಕುಸಿಯಿತು. ಗ್ರಾಫಿಟಿ ತಮ್ಮ ಸಂಶೋಧನೆಯ ನಕಲು ಅಂತ ಜೆರಾಕ್ಸ್ ಕಂಪನಿ ಹೂಡಿದ್ದ ದಾವೆ ವರ್ಷಗಟ್ಟಲೆ ನಡೆಯಿತು. 2003ರಲ್ಲಿ ಪಾಮ್ ಆ ಲಿಪಿಯನ್ನೇ ಬದಲಾಯಿಸಿತು. 2007ರಲ್ಲಿ ಐಫೋನ್ ಬಂದ ಮೇಲೆ ಪೆನ್ನು ಹಿಡಿದು ಗೀಚುವ ಕಾಲ ಮುಗಿಯಿತು. 2010ರಲ್ಲಿ ಎಚ್‌ಪಿ ಕಂಪನಿ 120 ಕೋಟಿ ಡಾಲರಿಗೆ ಪಾಮ್ ಕೊಂಡು, ಮರುವರ್ಷವೇ ಅದರ ಯಂತ್ರಗಳನ್ನು ನಿಲ್ಲಿಸಿತು. ಪಾಮ್ ಕೊನೆಗಾಲದಲ್ಲಿ ಮಾಡಿದ ವೆಬ್‌ಓಎಸ್ ಮಾತ್ರ ಎಲ್‌ಜಿ ಕಂಪನಿಗೆ ಹೋಗಿ ಇವತ್ತು ಅದರ ಟೀವಿಗಳಲ್ಲಿ ಬದುಕಿದೆ. ಹಾಕಿನ್ಸ್ ತನ್ನ ಮೊದಲ ಪ್ರೀತಿಗೆ, ಅಂದರೆ ಮೆದುಳಿನ ಸಂಶೋಧನೆಗೆ, ವಾಪಸ್ ಹೋದ. 2005ರಲ್ಲಿ ನುಮೆಂಟ ಅನ್ನೋ ಸಂಸ್ಥೆ ಶುರು ಮಾಡಿದ.

ಅಟ್ಟದಿಂದ ಇಳಿದವಳು ಬೀದಿ ಕೊನೆಯ ಅಂಗಡಿಯಿಂದ ಎರಡು ಸಣ್ಣ ಸೆಲ್ ತಂದೆ. ಅಪ್ಪ ಅದನ್ನು ಎತ್ತಿಡುವಾಗ ಸೆಲ್ ತೆಗೆದಿಟ್ಟಿದ್ದರು, ಹಾಗಾಗಿ ಒಳಗೆ ತುಕ್ಕು ಹಿಡಿದಿರಲಿಲ್ಲ. ಹಾಕಿ ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿದವು! ಪೆನ್ನಿನಿಂದ ಗುರುತುಗಳ ಮೇಲೆ ಕುಟ್ಟು ಅಂತ ಕೇಳಿತು. ಕುಟ್ಟಿದೆ. ವಿಳಾಸ ಪುಸ್ತಕ ತೆರೆದೆ, ಖಾಲಿ. ಟಿಪ್ಪಣಿ ತೆರೆದೆ, ಖಾಲಿ. ಗೊತ್ತಿದ್ದದ್ದೇ. ಆದರೂ ಒಮ್ಮೆ ನೋಡಿದೆ.

ಅಪ್ಪ ಜಗಲಿಯಲ್ಲಿ ಪೇಪರ್ ಓದ್ತಾ ಕೂತಿದ್ದರು. ನಿವೃತ್ತರಾಗಿ ಆರು ವರ್ಷವಾಯಿತು. ಈಗ ಫೋನಿನಲ್ಲಿ ಟೈಪ್ ಮಾಡೋದು ಅಂದರೆ ಬೇಜಾರು, ಬರೀ ವಾಯ್ಸ್ ಮೆಸೇಜ್. ಯಂತ್ರವನ್ನು ಅವರ ಕೈಗಿಟ್ಟೆ.

"ಅರೆ! ಇದಿನ್ನೂ ಬದುಕಿದ್ಯಾ?" ಅಂದರು. ಕನ್ನಡಕ ಸರಿಮಾಡಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಕ್ಕದಿಂದ ಪೆನ್ನು ಎಳೆದು, ಕೆಳಗಿನ ಚೌಕದಲ್ಲಿ ಬರೆಯೋಕೆ ಶುರು ಮಾಡಿದರು.

ಅವರ ಕೈ ಒಂದು ಸಲವೂ ತಡವರಿಸಲಿಲ್ಲ. ಗುಡಿಸಿಲಿನ ಸೂರಿನಂಥ ಎ, ಬಲಕ್ಕೆ ಹೋಗಿ ಕೆಳಗಿಳಿಯೋ ಟಿ, ನಡುವೆ ಜಾಗಕ್ಕೊಂದು ಅಡ್ಡಗೀಟು. ಎಷ್ಟು ವರ್ಷವಾಗಿತ್ತು! ಯಂತ್ರಕ್ಕೆ ಒಂದಕ್ಷರವೂ ನೆನಪಿರಲಿಲ್ಲ, ಅಪ್ಪನ ಬೆರಳಿಗೆ ಎಲ್ಲಾ ನೆನಪಿತ್ತು. ಮನುಷ್ಯರು ಕಲೀತಾರೆ ಅಂತ ಹಾಕಿನ್ಸ್ ನಂಬಿದ್ದು ಸುಳ್ಳಾಗಿರಲಿಲ್ಲ. ಬರೆದು ಮುಗಿಸಿ ಯಂತ್ರವನ್ನು ನನ್ನ ಕಡೆ ತಿರುಗಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಎಂದಿನ ಹಾಗೆ.

"ಸೆಲ್ ತೆಗೀಬೇಡ. ಟೀವಿ ಹಾಳಾಗ್ಲಿ."

ನಾನು ತಲೆಯೆತ್ತಿ ನೋಡಿದರೆ ಅಪ್ಪ ಪೇಪರಿನ ಹಿಂದೆ ಮುಖ ಮರೆಮಾಡಿದ್ದರು.

"ಅಪ್ಪಾ, ಗೊತ್ತಿತ್ತಾ ನಿಮಗೆ?"

"ಆವತ್ತು ಒಳಗಿಂದ ತೆಗೆದ ಸೆಲ್ ಮೇಲೆ ಹಲ್ಲಿನ ಗುರುತಿತ್ತು. ನಮ್ಮನೇಲಿ ಸೆಲ್ ಕಚ್ತಿದ್ದವಳು ನೀನೊಬ್ಬಳೇ ಕಣೇ."

"ಮತ್ತೆ ಯಾಕೆ ಒಂದು ಮಾತೂ ಹೇಳಲಿಲ್ಲ?"

ಅಪ್ಪ ಪೇಪರ್ ಮಡಿಚಿಟ್ಟರು. "ನಿನಗೆ ಹೊಡೆದಿದ್ರೆ ಮುನ್ನೂರು ಡಾಕ್ಟ್ರು ವಾಪಸ್ ಬರ್ತಿದ್ರಾ? ಇನ್ನೊಂದು ಕಡೆ ಬರ್ಕೊಳ್ದೇ ಇದ್ದದ್ದು ನನ್ನ ತಪ್ಪು." ಸ್ವಲ್ಪ ಹೊತ್ತು ಬಿಟ್ಟು, "ಬಾಗಿಲ ಹಿಂದೆ ನಿಂತಿದ್ದೆಯಲ್ಲ, ಆ ಮುಖ ನೋಡಿದ್ರೆ ಯಾರಿಗೆ ತಾನೇ ಬೈಯಕ್ಕೆ ಬಾಯಿ ಬರ್ತಿತ್ತು" ಅಂದರು. ಒಳಗಿಂದ ಅಮ್ಮ, "ಅಟ್ಟ ಖಾಲಿ ಆಯ್ತಾ?" ಅಂತ ಕೂಗಿದರು.

ಪಾಮ್ ಪೈಲಟ್ ಈಗ ಅಪ್ಪನ ಮೇಜಿನ ಮೇಲಿದೆ. ಆ ಎರಡು ಸೆಲ್ ಇನ್ನೊಂದಷ್ಟು ವಾರ ಬರಬಹುದು. ಬದಲಾಯಿಸೋಕೆ ಮರೆತರೆ ಅಪ್ಪ ಬರೆದ ಆ ಸಾಲೂ ಹೋಗಿಬಿಡುತ್ತೆ. ನಮ್ಮ ಮನೆಯಲ್ಲಿ ಅದರ ತೊಟ್ಟಿಲು ಇವತ್ತಿಗೂ ಇಲ್ಲ, ಯಾವ ಕಂಪ್ಯೂಟರಿಗೂ ಅದನ್ನು ಜೋಡಿಸುವಂತಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ.